ಚವರದ ಕರಿ ಮರಳು, ಪೀಣ್ಯದ ಮ್ಯಾಗ್ನೆಟ್

ಕೊಲ್ಲಂ ಸ್ಟೇಷನ್ನಿನಲ್ಲಿ ಇಳಿದಾಗ ಮಧ್ಯಾಹ್ನ ಆಗಿತ್ತು. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಹತ್ತಿದ್ದೆ. ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇತ್ತು. ಹೆಬ್ಬೆರಳಿನ ಉಗುರಿನಷ್ಟು ಅಗಲ, ಬೆಳ್ಳಿ ಬಣ್ಣ. ಬೀಗದ ಕೈಗೆ ಅಂಟಿಕೊಳ್ಳಬಾರದು ಅಂತ ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ.

ನಾನು ಪೀಣ್ಯದಲ್ಲಿ ಒಂದು ಸಣ್ಣ ಶೆಡ್ಡಿನಲ್ಲಿ ಮೋಟರ್ ಮಾಡುವ ಕೆಲಸದಲ್ಲಿದ್ದೇನೆ. ಒಟ್ಟು ಏಳು ಜನ. ವೈಂಡಿಂಗ್ ನಮ್ಮದೇ, ಶಾಫ್ಟು ಪಕ್ಕದ ಬೀದಿಯಿಂದ ಬರುತ್ತದೆ, ಮ್ಯಾಗ್ನೆಟ್ ಮಾತ್ರ ಚೀನಾದಿಂದ. 2025ರ ಏಪ್ರಿಲ್ 4ರಂದು ಚೀನಾ ರೇರ್ ಅರ್ಥ್ ಅನ್ನುವ ಲೋಹಗಳ ಗುಂಪಿನ ಏಳು ಧಾತುಗಳ ಮೇಲೆ, ಅವುಗಳಿಂದ ಮಾಡಿದ ಮ್ಯಾಗ್ನೆಟ್‌ಗಳ ಮೇಲೆ ರಫ್ತು ನಿಯಂತ್ರಣ ಹಾಕಿತು. ಮೇ ತಿಂಗಳಲ್ಲಿ ನಮ್ಮ ಸಪ್ಲೈಯರ್ ಫೋನ್ ಎತ್ತುವುದನ್ನೇ ಬಿಟ್ಟರು. ಆಮೇಲೆ ಒಂದು ಫಾರಂ ಬಂತು. ಈ ಮ್ಯಾಗ್ನೆಟ್ ಯಾವ ಯಂತ್ರಕ್ಕೆ, ಆ ಯಂತ್ರ ಯಾರಿಗೆ, ಮಿಲಿಟರಿಗೆ ಹೋಗುವುದಿಲ್ಲ ಅಂತ ಏನು ಖಾತ್ರಿ, ಎಲ್ಲವನ್ನೂ ಬರೆದುಕೊಡಬೇಕು. ಕೊಟ್ಟೆವು. ಹನ್ನೊಂದು ವಾರ ಸುಮ್ಮನೆ ಕೂತೆವು. ಇಬ್ಬರು ಹುಡುಗರನ್ನು ಊರಿಗೆ ಕಳಿಸಬೇಕಾಯಿತು, ಅದು ಇವತ್ತಿಗೂ ನನಗೆ ನೋವಿನ ವಿಷಯ.

ಆಗ ಓದಲು ಶುರು ಮಾಡಿದೆ. ಓದಿದಷ್ಟೂ ಆಶ್ಚರ್ಯ. ಈ ಮ್ಯಾಗ್ನೆಟ್ಟಿನ ಜೀವ ಇರುವುದು ನಿಯೋಡಿಮಿಯಂ ಅನ್ನುವ ರೇರ್ ಅರ್ಥ್ ಧಾತುವಿನಲ್ಲಿ. ಅದು ಇರುವುದು ಮೊನಜೈಟ್ ಅನ್ನುವ ಖನಿಜದಲ್ಲಿ. ಮೊನಜೈಟ್ ನಮ್ಮ ಕರಾವಳಿಯ ಮರಳಿನಲ್ಲೇ ಇದೆ. ಸರ್ಕಾರದ ಲೆಕ್ಕದಲ್ಲಿ ದೇಶದಲ್ಲಿ ಒಂದು ಕೋಟಿ 30 ಲಕ್ಷ ಟನ್ ಇದೆ. ಹಾಗಿದ್ದರೆ ನಾವು ಹನ್ನೊಂದು ವಾರ ಕೂತಿದ್ದು ಯಾಕೆ? ಈ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಡಿಸೆಂಬರ್‌ನಲ್ಲಿ ಕೆಲಸ ಸ್ವಲ್ಪ ಕಡಿಮೆ ಇದ್ದಾಗ ನಾಲ್ಕು ದಿನ ರಜೆ ಹಾಕಿ ಹೊರಟೆ.

ಕೊಲ್ಲಂನಿಂದ ಉತ್ತರಕ್ಕೆ ಹೋದರೆ ನೀಂಡಕರ. ಅಷ್ಟಮುಡಿ ಹಿನ್ನೀರು ಸಮುದ್ರ ಸೇರುವ ಜಾಗ. ಸೇತುವೆ ಮೇಲೆ ನಿಂತರೆ ಕೆಳಗೆ ಬಣ್ಣಬಣ್ಣದ ಮೀನುಗಾರಿಕೆ ಬೋಟುಗಳು, ಮೀನಿನ ವಾಸನೆ, ಕಾಗೆ, ಹದ್ದು. ಈ ರಸ್ತೆ ರಾಷ್ಟ್ರೀಯ ಹೆದ್ದಾರಿ 66. ನಮ್ಮ ಕಾರವಾರ, ಉಡುಪಿ, ಮಂಗಳೂರು ದಾಟಿ ಬರುವ ಅದೇ ರಸ್ತೆ. ಇಲ್ಲಿಂದ ಕಾಯಂಕುಳಂವರೆಗೆ ಸುಮಾರು 22 ಕಿಲೋಮೀಟರ್ ಉದ್ದದ ಮರಳ ಪಟ್ಟಿ ಇದೆ. ಅದನ್ನೇ ಚವರ ನಿಕ್ಷೇಪ ಅನ್ನುತ್ತಾರೆ.

ಆಟೋ ಓಡಿಸಿದವರು ಮತ್ತಿಕೆರೆಯ ಒಂದು ಬೇಕರಿಯಲ್ಲಿ ಆರು ವರ್ಷ ಇದ್ದವರು. ಅವರ ಕನ್ನಡ ಚೆನ್ನಾಗಿತ್ತು. "ಅಣ್ಣ, ಇಲ್ಲಿ ನೋಡೋಕೆ ಏನಿದೆ? ವರ್ಕಲಾಗೆ ಹೋಗಿ" ಅಂದರು. ಮರಳು ನೋಡಬೇಕು ಅಂದೆ. ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ತಮಗೆ ಗೊತ್ತಿದ್ದ ಒಬ್ಬರಿಗೆ ಫೋನ್ ಮಾಡಿದರು. ಮರಳು ಬೇರ್ಪಡಿಸುವ ಪ್ಲಾಂಟಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಹಿರಿಯರು. ಬಿಳಿ ಮುಂಡು, ಹೆಗಲ ಮೇಲೆ ಟವೆಲ್. ಎಲ್ಲರೂ ಅವರನ್ನು ಚೇಟ, ಅಂದರೆ ಅಣ್ಣ, ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಸಮುದ್ರದ ಅಂಚಿಗೆ ಹೋದೆವು. ಮರಳು ನಿಜಕ್ಕೂ ಕಪ್ಪು. ಒದ್ದೆ ಇದ್ದಲ್ಲಿ ಇದ್ದಿಲ ಪುಡಿಯ ಹಾಗೆ, ಒಣಗಿದಲ್ಲಿ ಸೀಸದ ಕಡ್ಡಿಯ ಹೊಳಪು. ಕೈಯಲ್ಲಿ ಎತ್ತಿದರೆ ಭಾರ ಗೊತ್ತಾಗುತ್ತದೆ, ಮಾಮೂಲಿ ಮರಳಿನ ಹಾಗಲ್ಲ.

ಬಟ್ಟೆ ಬಿಚ್ಚಿ ಮ್ಯಾಗ್ನೆಟ್ ತೆಗೆದೆ. ಒಣ ಮರಳನ್ನು ಕಾಗದದ ಮೇಲೆ ತೆಳ್ಳಗೆ ಹರಡಿ ಮೇಲಿಂದ ಹಿಡಿದೆ. ಕರಿ ಕಾಳುಗಳು ಎದ್ದು ನಿಂತು ಮುಳ್ಳುಹಂದಿಯ ಹಾಗೆ ಅಂಟಿಕೊಂಡವು. "ಅದು ಇಲ್ಮನೈಟ್" ಅಂದರು ಚೇಟ. ಬಿಳಿ ಬಣ್ಣ ಮಾಡುವ ಟೈಟಾನಿಯಂ ಬರುವುದು ಅದರಿಂದ. ಅಂಟಿದ್ದನ್ನು ಒರೆಸಿ ಮತ್ತೆ ಹಿಡಿದೆ, ಮತ್ತೆ ಒರೆಸಿದೆ. ಕೊನೆಗೆ ಕಾಗದದ ಮೇಲೆ ಒಂದು ಚಿಟಿಕೆ ಉಳಿಯಿತು. ಶೆಡ್ಡಿನಿಂದ ತಂದಿದ್ದ ಭೂತಗನ್ನಡಿಯಲ್ಲಿ ನೋಡಿದೆ. ಗಾಜಿನ ಚೂರಿನಂಥವು ಬಹಳ ಇದ್ದವು. ನಡುವೆ ಅಲ್ಲೊಂದು ಇಲ್ಲೊಂದು ಜೇನಿನ ಬಣ್ಣದ ದುಂಡನೆ ಕಾಳು. ಚೇಟ ಕಡ್ಡಿಯ ತುದಿಯಿಂದ ಒಂದನ್ನು ತಳ್ಳಿ ತೋರಿಸಿದರು. "ಇದೇ ನಿಮ್ಮದು."

ಮ್ಯಾಗ್ನೆಟ್ಟನ್ನು ಅದರ ಹತ್ತಿರ ಹಿಡಿದೆ. ಅಲುಗಲಿಲ್ಲ. ಮೊನಜೈಟಿಗೆ ಅಯಸ್ಕಾಂತದ ಸೆಳೆತ ಬಹಳ ಕಡಿಮೆಯಂತೆ. ಅದನ್ನು ಎಳೆಯಲು ಪ್ಲಾಂಟಿನಲ್ಲಿರುವಂಥ ಭಾರಿ ಯಂತ್ರವೇ ಬೇಕು. ನನ್ನ ಕೈಯಲ್ಲಿದ್ದ ಮ್ಯಾಗ್ನೆಟ್ಟಿನೊಳಗಿರುವ ಧಾತು ಈ ಜೇನಿನ ಕಾಳಿನೊಳಗೂ ಇದೆ, ಆದರೆ ಕಾಳು ಮಾತ್ರ ಅದರ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಹಳ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ. ಆಮೇಲೆ ಕಾಗದ ಕೊಡವಿ ಅಷ್ಟನ್ನೂ ಅಲ್ಲೇ ಚೆಲ್ಲಿದೆ. ಮೊನಜೈಟಿನಲ್ಲಿ ವಿಕಿರಣ ಸೂಸುವ ಥೋರಿಯಂ ಇರುವುದರಿಂದ ಇದು ಪರಮಾಣು ಖನಿಜ, ಮನೆಗೆ ಒಯ್ಯುವಂಥದ್ದಲ್ಲ.

ಪ್ಲಾಂಟಿನೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಒಳಗಿನ ಕೆಲಸವನ್ನು ಚೇಟ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳಿದರು. ಮೊದಲು ಮರಳನ್ನು ನೀರಿನ ಜೊತೆ ಸುರುಳಿ ಸುರುಳಿ ಜಾರುಬಂಡೆಯಂಥದ್ದರಲ್ಲಿ ಇಳಿಸುತ್ತಾರೆ. ಭಾರದ ಕಾಳು ಒಳಗಡೆ, ಹಗುರದ್ದು ಹೊರಗಡೆ. ನಮ್ಮ ಅಜ್ಜಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಹಾಗೇ, ಇಲ್ಲಿ ಗಾಳಿಯ ಬದಲು ನೀರು. ಆಮೇಲೆ ಒಣಗಿಸಿ ಹೈ ಟೆನ್ಷನ್ ಉರುಳೆಯ ಮೇಲೆ ಬಿಡುತ್ತಾರೆ. ಕರೆಂಟ್ ಹರಿಯುವ ಕಾಳು ಚಿಮ್ಮಿ ಹೋಗುತ್ತದೆ, ಹರಿಯದ್ದು ಉರುಳೆಗೆ ಅಂಟಿಕೊಂಡು ಕೆಳಗೆ ಬೀಳುತ್ತದೆ. ಕೊನೆಗೆ ಮ್ಯಾಗ್ನೆಟ್. ಇಲ್ಮನೈಟ್, ರೂಟೈಲ್, ಜಿರ್ಕಾನ್, ಸಿಲಿಮನೈಟ್, ಮೊನಜೈಟ್ ಎಲ್ಲ ಬೇರೆ ಬೇರೆ ಆಗುವುದು ಹೀಗೆ.

ಅಲ್ಲಿಂದ ಮುಂದಿನ ದಾರಿ ನನಗೆ ಮುಖ್ಯವಾಗಿತ್ತು. ಮೊನಜೈಟನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಬೇಕು. ಥೋರಿಯಂ ಬೇರೆ ಮಾಡಬೇಕು. ಉಳಿದ ಧಾತುಗಳು ಅವಳಿ ಮಕ್ಕಳ ಹಾಗೆ, ಒಂದಕ್ಕೊಂದು ಗುರುತೇ ಸಿಗುವುದಿಲ್ಲ. ಅವನ್ನು ಸಾಲು ಸಾಲು ತೊಟ್ಟಿಗಳಲ್ಲಿ ಮತ್ತೆ ಮತ್ತೆ ಕಲಕಿ ಬಿಡಿಸಿ ಆಕ್ಸೈಡ್ ಮಾಡಬೇಕು. ಅದರಿಂದ ಲೋಹ, ಲೋಹದಿಂದ ಕಬ್ಬಿಣ ಬೋರಾನ್ ಬೆರೆತ ಮಿಶ್ರಲೋಹ, ಅದನ್ನು ನುಣ್ಣಗೆ ಪುಡಿ ಮಾಡಿ, ಒತ್ತಿ, ಕುಲುಮೆಯಲ್ಲಿ ಕಾಯಿಸಿ, ಕತ್ತರಿಸಿ, ನಿಕ್ಕಲ್ ಲೇಪ ಕೊಟ್ಟರೆ ನನ್ನ ಜೇಬಿನಲ್ಲಿದ್ದ ಬಿಲ್ಲೆ. ಆಕ್ಸೈಡ್‌ವರೆಗೆ ನಾವು ಬಂದಿದ್ದು ಇವತ್ತಲ್ಲ. ಇಂಡಿಯನ್ ರೇರ್ ಅರ್ಥ್ಸ್ ಕಂಪನಿ 1950ರಲ್ಲೇ ಹುಟ್ಟಿತು, 1952ರಲ್ಲಿ ಆಲುವಾದಲ್ಲಿ ಅದರ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದರು. ಆದರೆ ಆಕ್ಸೈಡಿನಿಂದ ಮ್ಯಾಗ್ನೆಟ್‌ವರೆಗಿನ ಅರ್ಧ ದಾರಿಯಲ್ಲಿ ನಮ್ಮ ಕಾಲು ಇನ್ನೂ ಊರಿಲ್ಲ. 2012ರಲ್ಲಿ ಜಪಾನಿಗೆ ಈ ಸರಕು ಮಾರುವ ಒಪ್ಪಂದ ಮಾಡಿಕೊಂಡೆವು, ಯಾಕೆಂದರೆ ನಮ್ಮಲ್ಲೇ ಕೊಳ್ಳುವವರು ಇರಲಿಲ್ಲ.

ಜಪಾನಿಗೂ 2010ರಲ್ಲಿ ಇದೇ ಪೆಟ್ಟು ಬಿದ್ದಿತ್ತು. ಚೀನಾದ ಒಂದು ಮೀನುಗಾರಿಕೆ ದೋಣಿಯ ಜಗಳದ ನಂತರ ರೇರ್ ಅರ್ಥ್ ಬರುವುದು ನಿಂತಿತು. ಅವರು ಮರುವರ್ಷವೇ ಆಸ್ಟ್ರೇಲಿಯಾದ ಲೈನಸ್ ಕಂಪನಿಗೆ ಸಾಲ ಕೊಟ್ಟು ಬೇರೆ ದಾರಿ ಮಾಡಿಕೊಂಡರು, ದಾಸ್ತಾನು ಇಟ್ಟುಕೊಂಡರು. ಚೀನಾದ ಮೇಲಿನ ಅವಲಂಬನೆ ಸುಮಾರು 90ರಿಂದ 60 ಪರ್ಸೆಂಟಿಗೆ ಇಳಿಯಲು ಹತ್ತು ವರ್ಷ ಹಿಡಿಯಿತು. ನಾವು ಶುರು ಮಾಡಿರುವುದು ಈಗ. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿಯ ಖನಿಜ ಮಿಷನ್, ನವೆಂಬರಿನಲ್ಲಿ ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಮಾಡಿಸುವ 7,280 ಕೋಟಿಯ ಯೋಜನೆ. ಒಳ್ಳೆಯದೇ, ನನಗೆ ಖುಷಿಯಿದೆ. ಆದರೆ ಒಂದು ವಿಷಯ ಜಾಸ್ತಿ ಜನ ಹೇಳುವುದಿಲ್ಲ. ಬಿಸಿಯಾಗುವ ಮೋಟರಿಗೆ ಸಾದಾ ಗ್ರೇಡ್ ಸಾಲದು, 80 ಡಿಗ್ರಿ ದಾಟಿದರೆ ಅದರ ಶಕ್ತಿ ಇಳಿಯುತ್ತದೆ. ನಾವು ತರಿಸುವುದು 150 ಡಿಗ್ರಿ ತಡೆಯುವ ಎಸ್‌ಎಚ್ ಗ್ರೇಡ್. ಅದಕ್ಕೆ ಡಿಸ್ಪ್ರೋಸಿಯಂ ಅನ್ನುವ ಇನ್ನೊಂದು ರೇರ್ ಅರ್ಥ್ ಧಾತು ಬೇಕು. ನಮ್ಮ ಮೊನಜೈಟಿನಲ್ಲಿ ಅದು ತೆಗೆಯುವಷ್ಟು ಇಲ್ಲ. ಅದು ಬರುವುದು ಬಹುಪಾಲು ದಕ್ಷಿಣ ಚೀನಾದ ಮತ್ತು ಮ್ಯಾನ್ಮಾರ್‌ನ ಜೇಡಿಮಣ್ಣಿನಿಂದ. ಅಂದರೆ ಈ ಕಡಲತೀರವನ್ನೆಲ್ಲ ಬಾಚಿದರೂ ನನ್ನ ಮೋಟರಿಗೆ ಪೂರ್ತಿ ಪರಿಹಾರ ಇಲ್ಲಿಲ್ಲ.

ಬಾಚುವ ಮಾತು ಸುಲಭವಾಗಿ ಆಡುವಂಥದ್ದಲ್ಲ ಅಂತ ಮರುದಿನ ಇದೇ ಮರಳ ಪಟ್ಟಿಯ ಆಲಪ್ಪಾಡ್ ಅನ್ನುವ ಊರಿನಲ್ಲಿ ಗೊತ್ತಾಯಿತು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಸಮುದ್ರ, ನಡುವೆ ದಾರದಂಥ ನೆಲ. ಅದರ ಮೇಲೆ ಮನೆ, ಶಾಲೆ, ದೇವಸ್ಥಾನ. 2004ರ ಸುನಾಮಿಯಲ್ಲಿ ಈ ಪಂಚಾಯ್ತಿ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಹೋದರು. ಸಮುದ್ರಕ್ಕೆ ಅಡ್ಡವಾಗಿ ಪೇರಿಸಿದ ಕಲ್ಲುಗೋಡೆಯ ಪಕ್ಕ ಮೀನು ಒಣಗಿಸುತ್ತಿದ್ದ ವಯಸ್ಸಾದ ಅಮ್ಮ ಒಬ್ಬರು ಅಲೆಯ ಕಡೆ ಕೈ ತೋರಿಸಿದರು. ಆಟೋದವರು ಕನ್ನಡದಲ್ಲಿ ಹೇಳಿದರು, "ಅವರು ಮದುವೆಯಾಗಿ ಬಂದ ಮನೆ ಅಲ್ಲಿತ್ತಂತೆ." ಅಲ್ಲಿ ಬರೀ ನೀರು. ಮರಳು ತೆಗೆದಿದ್ದಕ್ಕೇ ನೆಲ ಹೋಯಿತು ಅಂತ ಊರಿನವರು, ಕಡಲ ಕೊರೆತ ಮೊದಲಿಂದಲೂ ಇದೆ ಅಂತ ಇನ್ನೊಂದು ಕಡೆಯವರು. 2018-19ರಲ್ಲಿ ಇಲ್ಲಿ ದೊಡ್ಡ ಹೋರಾಟವೇ ನಡೆಯಿತು.

ವಿಕಿರಣದ ಬಗ್ಗೆಯೂ ಕೇಳಿದೆ. ಆಲಪ್ಪಾಡ್ ಇರುವ ಕರುನಾಗಪ್ಪಳ್ಳಿ ತಾಲ್ಲೂಕಿನ ಸುಮಾರು 70 ಸಾವಿರ ಜನರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ನೆಲದ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಾಗಿದ್ದು ಅದರಲ್ಲಿ ಕಾಣಲಿಲ್ಲ. ಅಮ್ಮನ ಚಿಂತೆ ಅದಲ್ಲವೇ ಅಲ್ಲ. ಅವರ ಚಿಂತೆ ನೆಲದ್ದು. ನನ್ನ ಮೋಟರಿಗಾಗಿ ಅವರ ಎರಡನೇ ಮನೆಯೂ ಹೋಗಬೇಕು ಅಂದರೆ ನಾನು ಒಪ್ಪುವುದಿಲ್ಲ. ದೇಶಕ್ಕೆ ಬೇಕು ಅನ್ನುವ ಮಾತನ್ನು ಮೊದಲು ಈ ಕಲ್ಲುಗೋಡೆಯ ಪಕ್ಕ ನಿಂತು ಹೇಳಬೇಕು, ಅವರ ಉತ್ತರ ಕೇಳಬೇಕು.

ಮೂರನೇ ದಿನ ತಮಿಳುನಾಡಿನ ನಾಗರಕೋವಿಲ್‌ಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಮಣವಾಳಕುರಿಚಿ. ಈ ಇಡೀ ಕಥೆ ಶುರುವಾಗಿದ್ದೇ ಇಲ್ಲಿ. 1909ರಲ್ಲಿ ಶೋಂಬರ್ಗ್ ಅನ್ನುವ ಜರ್ಮನ್ ರಸಾಯನ ತಜ್ಞ ಈ ಕಡೆಯಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಗುರುತಿಸಿದ. ಆಗ ಅದು ಬೇಕಾಗಿದ್ದು ಗ್ಯಾಸ್‌ಲೈಟಿನ ಮ್ಯಾಂಟಲಿಗೆ. ಥೋರಿಯಂ, ಜೊತೆಗೆ ಚೂರು ಸೀರಿಯಂ. ನಮ್ಮ ಕರಾವಳಿಯಲ್ಲಿ ರಾತ್ರಿಯಿಡೀ ಯಕ್ಷಗಾನಕ್ಕೆ ಬೆಳಕು ಕೊಟ್ಟ, ಮುಟ್ಟಿದರೆ ಬೂದಿಯಾಗಿ ಉದುರುವ ಆ ಬಿಳಿ ಬಲೆ ಇದೆಯಲ್ಲ, ಅದೇ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಆತನನ್ನು ಜರ್ಮನ್ ಗೂಢಚಾರ ಅಂತ ಹಿಡಿದರು. ಅಂದರೆ ಈ ಮರಳಿಗಾಗಿ ದೇಶಗಳು ಗುದ್ದಾಡುವುದು ನೂರು ವರ್ಷದ ಹಿಂದೆಯೇ ಇತ್ತು. ಇಲ್ಲಿನ ಮರಳಿನಲ್ಲಿ ಗಾರ್ನೆಟ್ ಅನ್ನುವ ಕೆಂಪು ಖನಿಜ ಜಾಸ್ತಿ, ಸಂಜೆ ಬಿಸಿಲಿಗೆ ದಡ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತಿತ್ತು.

ವಾಪಸ್ ಬರುವಾಗ ರೈಲಿನಲ್ಲಿ ನಮ್ಮ ಮಂಡ್ಯದ ಮರಳಗಾಲ ನೆನಪಾಯಿತು. ಅಲ್ಲಿ 14,100 ಟನ್ ಲಿಥಿಯಂ ಸಿಕ್ಕಿದೆ ಅಂತ 2020ರಲ್ಲಿ ಎಷ್ಟು ಸಂಭ್ರಮ ಇತ್ತು. ಮರುವರ್ಷ ಸಂಸತ್ತಿನಲ್ಲಿ ಹೇಳಿದ ಅಂದಾಜು 1,600 ಟನ್. ನೆಲದಲ್ಲಿ ಇದೆ ಅನ್ನುವುದಕ್ಕೂ ಕೈಗೆ ಸಿಗುತ್ತದೆ ಅನ್ನುವುದಕ್ಕೂ ನಡುವೆ ಎಷ್ಟು ದೂರ ಇದೆ ಅಂತ ಪೀಣ್ಯದಲ್ಲಿ ಕೂತಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ.

ಆಲುವಾ ಸೇತುವೆ ದಾಟುವಾಗ ಕತ್ತಲಾಗಿತ್ತು. ಪೆರಿಯಾರ್ ನದಿಯ ನೀರು ಮಾತ್ರ ಸ್ವಲ್ಪ ಹೊಳೆಯುತ್ತಿತ್ತು. ನಮ್ಮ ಶೆಡ್ಡಿನ ಹಿಂದೆ ಗುಜರಿಗೆ ಹಾಕಲು ಇಟ್ಟಿರುವ ಹಳೇ ರೋಟರುಗಳ, ಅಂದರೆ ಮೋಟರಿನೊಳಗೆ ತಿರುಗುವ ಭಾಗಗಳ, ರಾಶಿ ಕಣ್ಣ ಮುಂದೆ ಬಂತು. ಅವನ್ನು ಕಬ್ಬಿಣದ ಲೆಕ್ಕದಲ್ಲಿ ಕೆಜಿಗಿಷ್ಟು ಅಂತ ಕೊಟ್ಟುಬಿಡುತ್ತೇವೆ. ಪ್ರತಿ ರೋಟರಿನ ಸುತ್ತ ಡಿಸ್ಪ್ರೋಸಿಯಂ ಇರುವ, ಎಲ್ಲೆಲ್ಲಿಂದಲೋ ಬಂದ ಮ್ಯಾಗ್ನೆಟ್ ಬಿಲ್ಲೆಗಳು ಅಂಟಿಕೊಂಡೇ ಇರುತ್ತವೆ.

ಸೋಮವಾರ ಕೆಲಸಕ್ಕೆ ಬಂದವನು ಮೊದಲು ಗುಜರಿಯವರಿಗೆ ಫೋನ್ ಮಾಡಿ ಬರಬೇಡಿ ಅಂದೆ. ವಾರ್ನಿಷ್ ಒಣಗಿಸುವ ಓವನ್‌ನಲ್ಲಿ ರೋಟರ್ ಕಾಯಿಸಿ, ಗಮ್ ಸಡಿಲವಾದ ಮೇಲೆ ಮರದ ಉಳಿಯಿಂದ ಬಿಲ್ಲೆಗಳನ್ನು ಬಿಡಿಸುತ್ತಿದ್ದೇವೆ. ಕೆಲವು ಒಡೆಯುತ್ತವೆ, ಪರವಾಗಿಲ್ಲ. ಖಾಲಿ ಪೇಂಟ್ ಡಬ್ಬದಲ್ಲಿ ಹಾಕಿ ಮೇಲೆ ಗ್ರೇಡ್ ಬರೆಯುತ್ತೇವೆ. ಹಳೇ ಸರಕಿನಿಂದ ಇಂಥ ಖನಿಜ ತೆಗೆಯುವವರಿಗೆ 1,500 ಕೋಟಿಯ ಪ್ರೋತ್ಸಾಹ ಯೋಜನೆಗೂ 2025ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿದೆ. ನಮ್ಮಂಥ ಸಣ್ಣ ಶೆಡ್ಡಿನಿಂದ ಕೊಳ್ಳುವವರು ಇನ್ನೂ ಯಾರೂ ಬಂದಿಲ್ಲ. ಡಬ್ಬ ಈಗ ಹನ್ನೊಂದು ಕೆಜಿ ತೂಗುತ್ತದೆ.