"ಮಾತಾಡಿದೆವು" ಅಂತ ಬರೆದಿದ್ದನ್ನು ನಾನು ಓದಲಿಲ್ಲ

ಗುರುವಾರ ಸಂಜೆ ಆರು ಗಂಟೆ ಹತ್ತು ನಿಮಿಷ. ತಿಂಗಳ ಮೆಂಟರಿಂಗ್ ರಿಪೋರ್ಟ್ ಆವತ್ತೇ ಪ್ರಿನ್ಸಿಪಾಲರಿಗೆ ಹೋಗಬೇಕಿತ್ತು. ಪೋರ್ಟಲ್ ಎಂದಿನಂತೆ ಸತಾಯಿಸುತ್ತಿತ್ತು. ಬಾಗಿಲ ಹತ್ತಿರ ಒಬ್ಬಳು ಹುಡುಗಿ ಬಂದು ನಿಂತಳು. ಸೆಕೆಂಡ್ ಇಯರ್, ಜೂನಿಯರ್‌ಗಳಿಗೆ ಪಾಠದಲ್ಲೂ ಕಷ್ಟದಲ್ಲೂ ಜೊತೆಯಾಗುವ ನಮ್ಮ ಪೀರ್ ಮೆಂಟರ್‌ಗಳಲ್ಲಿ ಒಬ್ಬಳು.

"ಮೇಡಂ, ಒಂದ್ನಿಮಿಷ ಮಾತಾಡಬಹುದಾ?"

"ನಾಳೆ ಬೆಳಿಗ್ಗೆ ಬಾಮ್ಮ, ಈಗ ರಿಪೋರ್ಟ್ ಕಳಿಸೋದಿದೆ" ಅಂದೆ. ಸ್ಕ್ರೀನ್‌ನಿಂದ ಕಣ್ಣು ತೆಗೆಯಲಿಲ್ಲ.

"ಸರಿ ಮೇಡಂ" ಅಂತ ಹೋದಳು. ಕಾರಿಡಾರಿನಲ್ಲಿ ಚಪ್ಪಲಿ ಸದ್ದು ದೂರ ಆಯಿತು. ಆಮೇಲೆ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಅದೇ ಸದ್ದು, ಈ ಸಲ ಬೇಗ ಬೇಗ. ಒಳಗೆ ಬಂದವಳು ಏನೂ ಕೇಳದೆ ತನ್ನ ಫೋನನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟಳು.

ಅದರಲ್ಲಿ ಅವಳ ಜೂನಿಯರ್ ಕಳಿಸಿದ ಮೆಸೇಜ್ ಇತ್ತು. "ಅಕ್ಕ, ಇಷ್ಟು ದಿನ ನನ್ನ ಮಾತು ಕೇಳಿದ್ದಕ್ಕೆ ಥ್ಯಾಂಕ್ಸ್. ಇನ್ಮೇಲೆ ನಿಮಗೆ ತೊಂದರೆ ಕೊಡಲ್ಲ." ಬಂದಿದ್ದು 4:52ಕ್ಕೆ. ಅದರ ಕೆಳಗೆ ಮೆಂಟರ್ ಕಳಿಸಿದ ಆರು ಮೆಸೇಜ್. ಆರಕ್ಕೂ ಒಂದೇ ಟಿಕ್.

"ಫೋನ್ ಸ್ವಿಚ್ ಆಫ್ ಬರ್ತಿದೆ ಮೇಡಂ."

ಇಂಥ ಹೊತ್ತಲ್ಲಿ ಏನು ಮಾಡಬೇಕು ಅಂತ ನಾನೇ ಮೆಂಟರ್‌ಗಳಿಗೆ ಸ್ಲೈಡ್ ಹಾಕಿ ಪಾಠ ಮಾಡಿದ್ದೆ. ಆದರೂ ಮೊದಲು ನಾನು ಮಾಡಿದ್ದು ಅದೇ ನಂಬರಿಗೆ ನನ್ನ ಫೋನಿನಿಂದ ಕಾಲ್ ಮಾಡಿದ್ದು. ಅವಳ ಫೋನಿನಿಂದ ಹೋಗದ ಕಾಲ್ ನನ್ನ ಫೋನಿನಿಂದ ಹೋಗುತ್ತದೆಯೇ? ಒಂದು ನಿಮಿಷ ಹಾಗೇ ಹೋಯಿತು. ಆಮೇಲೆ ವಾರ್ಡನ್‌ಗೆ ಮಾಡಿದೆ. ಹುಡುಗಿ ರೂಮಿನಲ್ಲಿ ಇರಲಿಲ್ಲ. ಕೌನ್ಸೆಲರ್ ಐದಕ್ಕೇ ಮನೆಗೆ ಹೋಗಿದ್ದರು. ಪುಣ್ಯಕ್ಕೆ ಫೋನ್ ಎತ್ತಿದರು. ಅವರು ಗಾಬರಿ ಮಾಡಲಿಲ್ಲ. ಮೂರೇ ಪ್ರಶ್ನೆ ಕೇಳಿದರು. ಕೊನೆಗೆ ನೋಡಿದವರು ಯಾರು? ಬೇಜಾರಾದಾಗ ಅವಳು ಎಲ್ಲಿಗೆ ಹೋಗುತ್ತಾಳೆ? ಅವಳು ಯಾರ ಮಾತು ಕೇಳುತ್ತಾಳೆ?

ನಾನು ಅವಳ ಕ್ಲಾಸ್ ಟೀಚರ್. ವಾರಕ್ಕೆ ನಾಲ್ಕು ಗಂಟೆ ಅವಳಿಗೆ ಕ್ಯಾಲ್ಕುಲಸ್ ಹೇಳುತ್ತೇನೆ. ಅವಳ ಅಟೆಂಡೆನ್ಸ್, ಇಂಟರ್ನಲ್ಸ್, ಹಳೆಯ ಮಾರ್ಕ್ಸ್ ಕಾರ್ಡ್ ಎಲ್ಲಾ ಎದುರಿಗಿನ ಸ್ಕ್ರೀನಿನಲ್ಲೇ ಇತ್ತು. ಆ ಮೂರರಲ್ಲಿ ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

"ಡ್ರಾಯಿಂಗ್ ಹಾಲ್ ಹಿಂದಿನ ಮೆಟ್ಟಿಲು" ಅಂದಳು ಮೆಂಟರ್. "ಯಾರೂ ಬೇಡ ಅನಿಸಿದಾಗ ಅಲ್ಲಿ ಕೂತ್ಕೋತಾಳೆ."

ಓಡಿದೆವು. ಹಾಲ್ ಬೀಗ ಹಾಕಿತ್ತು, ಸುತ್ತು ಹಾಕಿ ಹೋಗಬೇಕು. ಆ ಸುತ್ತು ಎರಡು ನಿಮಿಷ ಇರಬಹುದು. ನನ್ನ ಕೆಲಸದಲ್ಲಿ ಅಷ್ಟು ಉದ್ದದ ಎರಡು ನಿಮಿಷ ನಾನು ಕಂಡಿಲ್ಲ.

ಅಲ್ಲೇ ಇದ್ದಳು. ನಾಲ್ಕನೇ ಮೆಟ್ಟಿಲ ಮೇಲೆ, ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡು. ನಾನು ಮಾತು ಶುರು ಮಾಡುವ ಮೊದಲೇ ಮೆಂಟರ್ ಹೋಗಿ ಪಕ್ಕದಲ್ಲಿ ಕೂತಳು. ಏನೂ ಹೇಳಲಿಲ್ಲ. ಬ್ಯಾಗಿನ ಒಂದು ಪಟ್ಟಿಯನ್ನು ತಾನು ಹಿಡಿದುಕೊಂಡಳು, ಅಷ್ಟೇ. ನಾನು ಕೆಳಗಿನ ಮೆಟ್ಟಿಲಲ್ಲಿ ಕೂತೆ. ಸುಮ್ಮನಿರುವುದೇ ಸರಿ ಅನಿಸಿತು. ಇಪ್ಪತ್ತು ನಿಮಿಷಕ್ಕೆ ಕೌನ್ಸೆಲರ್ ಬಂದರು.

ಅವಳು ಅವರಿಗೆ ಏನು ಹೇಳಿದಳೋ ಅದು ಅವರಿಬ್ಬರಿಗೇ ಸೇರಿದ್ದು. ನಾನು ಹೇಳಬಹುದಾದದ್ದು ಇಷ್ಟು: ಎರಡು ಇಂಟರ್ನಲ್ಸ್ ಹೋಗಿತ್ತು, ಮನೆಯಲ್ಲಿ ಹೇಳಿರಲಿಲ್ಲ, ಕಾಲೇಜು ಬಿಡುವುದು ಅಂತ ತೀರ್ಮಾನ ಮಾಡಿದ್ದಳು. ಎರಡು ವಾರ ಮನೆಗೆ ಹೋಗಿ ಬಂದಳು. ಈಗ ಕ್ಲಾಸಿನಲ್ಲಿದ್ದಾಳೆ.

ಅವರಿಬ್ಬರನ್ನೂ ಕೌನ್ಸೆಲರ್ ಜೊತೆ ಕಳಿಸಿ ನಾನು ರೂಮಿಗೆ ವಾಪಸ್ ಬಂದೆ. ಸ್ವಲ್ಪ ಹೊತ್ತಿಗೆ ಮೆಂಟರ್ ಬಂದಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಕುರ್ಚಿಯಲ್ಲಿ ಕೂತದ್ದೇ ಅಳೋಕೆ ಶುರು ಮಾಡಿದಳು.

"ನೀವೇ ಹೇಳಿದ್ರಲ್ಲ ಮೇಡಂ. ಅವರು ನಂಬಿ ಹೇಳಿದ್ದು ನಿಮ್ಮ ಹತ್ರಾನೇ ಇರ್ಬೇಕು ಅಂತ."

ಹೌದು, ನಾನೇ ಹೇಳಿದ್ದೆ. ಟ್ರೈನಿಂಗ್ ದಿನ, ಅದೇ ಪದಗಳಲ್ಲಿ. ಅಪಾಯ ಅನಿಸಿದರೆ ಯಾರಿಗೆ ತಿಳಿಸಬೇಕು ಅನ್ನುವ ಸ್ಲೈಡೂ ಇತ್ತು, ಕೊನೆಯಲ್ಲಿ. ಊಟದ ಹೊತ್ತಾಗಿತ್ತು ಅಂತ ಅದನ್ನು ಬೇಗ ದಾಟಿಸಿದ್ದೆ. ಹತ್ತೊಂಬತ್ತು ವರ್ಷದ ಹುಡುಗಿಗೆ ಒಂದು ಗುಟ್ಟು ಕೊಟ್ಟು, ಇಳಿಸುವ ಜಾಗ ಎಲ್ಲಿ ಅಂತ ಹೇಳದೆ ಕಳಿಸಿದ್ದೆ.

ಅವಳು ಹೋದ ಮೇಲೆ ಪೋರ್ಟಲ್ ತೆಗೆದೆ. ಮೆಂಟರ್‌ಗಳು ಜೂನಿಯರ್ ಜೊತೆ ಮಾತಾಡಿದ್ದನ್ನು ಬರೆಯುವ ಲಾಗ್‌ನಲ್ಲಿ ಅವಳ ಹೆಸರು ಹುಡುಕಿದೆ. ಎರಡು ವಾರದಲ್ಲಿ ಮೂರು ಎಂಟ್ರಿ. ಕೆಟಗರಿ ಮೂರರಲ್ಲೂ 'ಅದರ್ಸ್', ಯಾಕೆಂದರೆ ಡ್ರಾಪ್‌ಡೌನ್‌ನಲ್ಲಿ ಅಕಾಡೆಮಿಕ್ ಮತ್ತು ಕರಿಯರ್ ಬಿಟ್ಟರೆ ಬೇರೆ ಇಲ್ಲ. ರಿಮಾರ್ಕ್ಸ್ ಕಾಲಂನಲ್ಲಿ ಮೊದಲನೆಯದು: "ಮಾತಾಡಿದೆವು." ಎರಡನೆಯದು: "ಮಾತಾಡಿದೆವು. ಸ್ವಲ್ಪ ಕಷ್ಟ ಇದೆ." ಮೂರನೆಯದು, ಶನಿವಾರದ್ದು: "ಮಾತಾಡಿದೆವು. ಮೇಡಂ ಹತ್ರ ಕೇಳಬೇಕು."

ಮೂರರ ಪಕ್ಕದಲ್ಲೂ ಹಸಿರು ಟಿಕ್. ಅಪ್ರೂವ್ಡ್, ನನ್ನ ಹೆಸರು, ಸೋಮವಾರ 10:14. ಆವತ್ತು ಅರವತ್ತೆರಡು ಎಂಟ್ರಿಗೆ ಅದೇ ಟೈಮ್ ಇದೆ. ನಾನು 'ಅಪ್ರೂವ್ ಆಲ್' ಒತ್ತಿದ್ದೆ.

ಗುಟ್ಟು ಬಿಟ್ಟುಕೊಡದೆ, ಆದರೆ ನನಗೆ ತಿಳಿಯುವ ಹಾಗೆ, ಅವಳು ತನಗೆ ಗೊತ್ತಿದ್ದ ಒಂದೇ ಜಾಗದಲ್ಲಿ ಬರೆದಿದ್ದಳು. ಮಾರ್ಕ್ಸ್ ತಪ್ಪು ಹಾಕಿದ್ದೇನೆ, ಪರೀಕ್ಷೆಯ ಪ್ರಶ್ನೆ ತಪ್ಪು ಕೊಟ್ಟಿದ್ದೇನೆ, ಅವೆಲ್ಲ ತಿದ್ದಿ ಮರೆತಿದ್ದೇನೆ. ಈ ಹಸಿರು ಟಿಕ್ ಮಾತ್ರ ಮರೆಯಲು ಆಗುತ್ತಿಲ್ಲ.

ಇದನ್ನು ಓದಿ "ಹಾಗಾದರೆ ಹುಡುಗರ ಕೈಗೆ ಇಂಥ ಕೆಲಸ ಕೊಡಲೇಬಾರದು" ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲೂ ಹಾಗೆ ಅಂದವರಿದ್ದಾರೆ. ಆ ಮೆಟ್ಟಿಲು ಗೊತ್ತಿದ್ದದ್ದು ಯಾರಿಗೆ? ಆ ಹುಡುಗಿ ಮೂರು ಸಲ ಮನಸ್ಸು ಬಿಚ್ಚಿದ್ದು ಯಾರ ಹತ್ತಿರ? ನಾನು ಮಾರ್ಕ್ಸ್ ಹಾಕುವವಳು. ಮಾರ್ಕ್ಸ್ ಹಾಕುವವರ ಹತ್ತಿರ ಯಾರೂ ಮೊದಲು ಬರುವುದಿಲ್ಲ.

ಪಾಠದ ವಿಷಯದಲ್ಲೂ ಅಷ್ಟೇ. ಆ ಹುಡುಗಿಗೆ ಕ್ಯಾಲ್ಕುಲಸ್‌ನ ಲಿಮಿಟ್ಸ್ ಪಾಠ ಅರ್ಥ ಆಗಿರಲಿಲ್ಲ. ನನ್ನ ಕ್ಲಾಸಿನಲ್ಲಿ ಒಂದು ದಿನವೂ ಕೈ ಎತ್ತಿದವಳಲ್ಲ. ಮೆಂಟರ್ ಅವಳಿಗೆ ಹೇಳಿದ್ದನ್ನು ಆಮೇಲೆ ಕೇಳಿದೆ. "ನಾನೂ ಇಲ್ಲೇ ಸಿಕ್ಕಿಹಾಕ್ಕೊಂಡಿದ್ದೆ ಕಣೆ. ಎಕ್ಸ್ ಹೋಗಿ ಆ ನಂಬರನ್ನು ಮುಟ್ಟಲೇಬೇಕು ಅಂದ್ಕೊಂಡಿದ್ದೆ. ಮುಟ್ಟೋದೇ ಬೇಡ. ಹತ್ತಿರ ಹೋಗ್ತಾ ಹೋಗ್ತಾ ಫಂಕ್ಷನ್ ಯಾವ ಕಡೆ ಹೋಗ್ತಿದೆ ನೋಡು, ಅಷ್ಟೇ." ಹದಿನಾಲ್ಕು ವರ್ಷದಿಂದ ಲಿಮಿಟ್ಸ್ ಹೇಳುತ್ತಿದ್ದೇನೆ. ಮಕ್ಕಳು ಎಡವುವ ಕಲ್ಲು ಯಾವುದು ಅನ್ನುವುದೇ ನನಗೆ ಮರೆತುಹೋಗಿದೆ. 1989ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಒಂದು ಲೇಖನದಲ್ಲಿ ಇದನ್ನು 'ತಿಳುವಳಿಕೆಯ ಶಾಪ' ಅಂತ ಕರೆದರು. ಒಂದು ವಿಷಯ ಗೊತ್ತಾದ ಮೇಲೆ, ಗೊತ್ತಿಲ್ಲದವರ ತಲೆ ಹೇಗೆ ಓಡುತ್ತದೆ ಅಂತ ಊಹಿಸುವುದು ಕಷ್ಟ ಆಗುತ್ತದೆ. ಒಂದು ವರ್ಷದ ಹಿಂದೆ ಎಡವಿದವರಿಗೆ ಕಾಲಿನ ನೋವು ಇನ್ನೂ ನೆನಪಿರುತ್ತದೆ.

ನಾನು ಈ ಮೆಂಟರಿಂಗ್ ಕೆಲಸಕ್ಕೆ ಕೈ ಹಾಕಿದ್ದೇ ಅಮೆರಿಕದ ಗಣಿತ ಶಿಕ್ಷಕ ಯೂರಿ ಟ್ರೈಸ್‌ಮನ್ ಬಗ್ಗೆ ಓದಿ. 1970ರ ದಶಕದಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಕ್ಯಾಲ್ಕುಲಸ್ ವಿದ್ಯಾರ್ಥಿಗಳ ಜೊತೆ ಇದ್ದು ನೋಡಿದವರು ಅವರು. ಫೇಲ್ ಆಗುತ್ತಿದ್ದ ಕಪ್ಪು ವಿದ್ಯಾರ್ಥಿಗಳು ಸೋಮಾರಿಗಳಲ್ಲ, ದಡ್ಡರೂ ಅಲ್ಲ. ಗಂಟೆಗಟ್ಟಲೆ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೆನ್ನಾಗಿ ಮಾಡುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಗುಂಪಾಗಿ ಕೂತು ಒಬ್ಬರ ಲೆಕ್ಕ ಒಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ ಮಾಡಿದ್ದು ಹೆಚ್ಚುವರಿ ಕೋಚಿಂಗ್ ಅಲ್ಲ. ಒಟ್ಟಿಗೆ ಕೂರಿಸಿ ಇನ್ನೂ ಕಷ್ಟದ ಲೆಕ್ಕ ಕೊಟ್ಟರು. ರಿಸಲ್ಟ್ ಬದಲಾಯಿತು.

ನಮ್ಮ ಹುಡುಗಿಯೂ ಒಬ್ಬಳೇ ಓದುತ್ತಿದ್ದಳು. ನಾವು ಅವಳನ್ನು 'ಸ್ಲೋ ಲರ್ನರ್' ಪಟ್ಟಿಗೆ ಹಾಕಿ ಮೆಂಟರ್ ಕೊಟ್ಟಿದ್ದೆವು, ಪಟ್ಟಿಯನ್ನು ನೋಟಿಸ್ ಬೋರ್ಡಿಗೂ ಹಾಕಿದ್ದೆವು. ಆ ಪಟ್ಟಿಯಲ್ಲಿ ತನ್ನ ಹೆಸರು ನೋಡಿದ ದಿನವೇ ಅವಳು ಮೊದಲ ಸಲ ಆ ಮೆಟ್ಟಿಲಿಗೆ ಹೋಗಿದ್ದು ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್‌ನಲ್ಲಿ 1973ರಿಂದಲೇ ಸೀನಿಯರ್‌ಗಳು ನಡೆಸುವ ಸ್ಟಡಿ ಸೆಷನ್ ಇದೆ. ಅಲ್ಲಿ ಹಿಂದುಳಿದ ವಿದ್ಯಾರ್ಥಿ ಯಾರು ಅಂತ ಹುಡುಕುವುದಿಲ್ಲ. ಕಷ್ಟದ ಸಬ್ಜೆಕ್ಟ್ ಯಾವುದು ಅಂತ ಹುಡುಕುತ್ತಾರೆ. ಆ ಸಬ್ಜೆಕ್ಟ್ ತೆಗೆದುಕೊಂಡ ಯಾರು ಬೇಕಾದರೂ ಬರಬಹುದು. ಫಸ್ಟ್ ರ‍್ಯಾಂಕ್ ಬರುವವರೂ ಬಂದು ಕೂರುತ್ತಾರೆ. ನಾನು ಇದನ್ನು ಓದಿದ್ದೆ. ಆದರೂ ಪಟ್ಟಿ ಮಾಡಿದೆ, ಯಾಕೆಂದರೆ ರಿಪೋರ್ಟ್ ಫಾರ್ಮ್ಯಾಟಿನಲ್ಲಿ ಆ ಕಾಲಂ ಇತ್ತು.

ಮ್ಯಾನೇಜ್‌ಮೆಂಟ್ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಮೆಂಟರ್‌ಗಳು ಇದ್ದಾರಲ್ಲ, ಕೌನ್ಸೆಲರ್ ಫುಲ್ ಟೈಮ್ ಯಾಕೆ ಬೇಕು ಅಂತ ಮೀಟಿಂಗಿನಲ್ಲಿ ಕೇಳಿದರು. ಈ ವಾದ ತುಂಬಾ ಹಳೆಯದು. 1790ರ ದಶಕದಲ್ಲಿ ಮದ್ರಾಸಿನ ಒಂದು ಅನಾಥಾಲಯದಲ್ಲಿ ಆಂಡ್ರ್ಯೂ ಬೆಲ್ ಅನ್ನುವ ಪಾದ್ರಿ, ಮಕ್ಕಳಿಂದಲೇ ಮಕ್ಕಳಿಗೆ ಅಕ್ಷರ ಕಲಿಸುವ ಪದ್ಧತಿ ಶುರು ಮಾಡಿದರು. ಮರಳಿನ ಮೇಲೆ ಬರೆದು ಕಲಿಯುವ ಸ್ಥಳೀಯ ಮಕ್ಕಳನ್ನು ನೋಡಿ ಹೊಳೆದದ್ದು ಅದು. 1797ರಲ್ಲಿ ಅದರ ವರದಿ ಲಂಡನ್ನಿನಲ್ಲಿ ಅಚ್ಚಾಯಿತು. ಅಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಕೂಡ ಇಂಥದೇ ಶಾಲೆ ನಡೆಸಿದರು. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು, ಮಧ್ಯದಲ್ಲಿ ಮಾನಿಟರ್‌ಗಳು. ಅದು ಅಷ್ಟು ಬೇಗ ಹರಡಿದ್ದಕ್ಕೆ ದೊಡ್ಡ ಕಾರಣ ಖರ್ಚು ಕಡಿಮೆ ಅನ್ನುವುದು. ಮಕ್ಕಳು ಮಕ್ಕಳಿಗೆ ಕಲಿಸಿದರೆ ಚೆನ್ನಾಗಿ ಕಲಿಯುತ್ತಾರೆ ಅನ್ನುವುದು ಒಂದು ಮಾತು. ಹಾಗಾಗಿ ದೊಡ್ಡವರ ಸಂಬಳ ಉಳಿಸಬಹುದು ಅನ್ನುವುದು ಪೂರಾ ಬೇರೆ ಮಾತು. ಆ ಗುರುವಾರ ಕೌನ್ಸೆಲರ್ ಫೋನ್ ಎತ್ತದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಮೀಟಿಂಗಿನಲ್ಲಿ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ವಿಷಯ ಮುಂದಿನ ಮೀಟಿಂಗಿಗೆ ಹೋಯಿತು.

ಪ್ರತಿ ಸೆಮಿಸ್ಟರ್ ಮೆಂಟರ್ ಜೋಡಿ ಬದಲಾಯಿಸಿ, ಎಲ್ಲರಿಗೂ ಸರ್ಟಿಫಿಕೇಟ್ ಸಿಗಲಿ ಅನ್ನುವ ಸಲಹೆಯೂ ಬಂತು. ಅದಕ್ಕೆ ಮಾತ್ರ ಖಡಾಖಂಡಿತ ಆಗಲ್ಲ ಅಂದೆ. ಮಕ್ಕಳಿಗೆ ಮೆಂಟರ್ ಜೋಡಿಸಿಕೊಡುವ ಅಮೆರಿಕದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಕಾರ್ಯಕ್ರಮದ ಬಗ್ಗೆ 2002ರಲ್ಲಿ ಒಂದು ಅಧ್ಯಯನ ಬಂದಿದೆ. ಅಲ್ಲಿ ಮೆಂಟರ್‌ಗಳು ದೊಡ್ಡವರು, ಆದರೂ ವಿಷಯ ನಮಗೂ ಹೊಂದುತ್ತದೆ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಹೆಚ್ಚು ಒಳ್ಳೆಯದಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳಿಗೆ ತಮ್ಮ ಬಗ್ಗೆ ತಮಗೇ ಇದ್ದ ಬೆಲೆ ಇಳಿದಿತ್ತು. ಅರ್ಧಕ್ಕೆ ಕೈ ಬಿಡುವುದಾದರೆ ಕೈ ಹಿಡಿಯುವುದೇ ಬೇಡ.

ನನ್ನ ಕೈಯಲ್ಲಿದ್ದದ್ದನ್ನು ಬದಲಾಯಿಸಿದೆ. ಪಟ್ಟಿ ಹೋಯಿತು. ಒಬ್ಬ ಮೆಂಟರ್‌ಗೆ ಎಂಟು ಜೂನಿಯರ್ ಇದ್ದದ್ದು ನಾಲ್ಕಾಯಿತು. ಟ್ರೈನಿಂಗಿನ ಕೊನೆಯ ಸ್ಲೈಡ್ ಈಗ ಮೊದಲನೆಯದು. ಅದನ್ನು ಕೌನ್ಸೆಲರ್ ಹೇಳುತ್ತಾರೆ. ಮೊದಲ ಭೇಟಿಯಲ್ಲೇ ಜೂನಿಯರ್‌ಗೆ ಹೇಳಬೇಕಾದ ಮಾತು ಒಂದಿದೆ, ಅದನ್ನು ಎಲ್ಲರ ಬಾಯಲ್ಲೂ ಜೋರಾಗಿ ಹೇಳಿಸುತ್ತೇವೆ: "ನೀನು ಹೇಳಿದ್ದು ಬೇರೆ ಯಾರಿಗೂ ಹೋಗಲ್ಲ. ಆದರೆ ನಿನಗೆ ಅಪಾಯ ಇದೆ ಅನಿಸಿದರೆ ನಾನು ಒಬ್ಬಳೇ ಇಟ್ಕೊಳ್ಳಲ್ಲ, ಹೇಳ್ತೀನಿ. ನಿನಗೆ ತಿಳಿಸಿಯೇ ಹೇಳ್ತೀನಿ." ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತೆ ಆಗುವುದಿಲ್ಲ ಅನ್ನುವುದನ್ನೂ ಕೌನ್ಸೆಲರ್ ಅವತ್ತೇ ಹೇಳುತ್ತಾರೆ. ನನಗೂ ಮೊದಲು ಆ ಭಯ ಇತ್ತು.

ಹದಿನೈದು ದಿನಕ್ಕೊಮ್ಮೆ ಮೆಂಟರ್‌ಗಳು, ನಾನು, ಕೌನ್ಸೆಲರ್ ಅರ್ಧ ಗಂಟೆ ಕೂರುತ್ತೇವೆ. ಲಾಗ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ. ಬೇರೆಯವರ ಭಾರ ಕೇಳಿಸಿಕೊಂಡು ಬಂದವರು ತಮ್ಮದನ್ನು ಇಳಿಸಲಿ ಅಂತ. ಆ ಗುರುವಾರ ನನ್ನ ಬಾಗಿಲಿಗೆ ಬಂದಿದ್ದ ಮೆಂಟರ್ ಮೊದಲ ಎರಡು ಸಲ ಬರಲಿಲ್ಲ. ಮೂರನೇ ಸಲ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಳು. ಏನಾದರೂ ಹೇಳೋದಿದೆಯಾ ಅಂತ ಕೇಳಿದೆ. "ಏನಿಲ್ಲ ಮೇಡಂ, ಸುಮ್ನೆ ಬಂದೆ" ಅಂದಳು.

'ಅಪ್ರೂವ್ ಆಲ್' ಬಟನ್ ತೆಗೆಸಲು ಎರಡು ಸಲ ಮೇಲ್ ಹಾಕಿದ್ದೇನೆ. ಇನ್ನೂ ಇದೆ. ನಾನು ಒತ್ತುವುದಿಲ್ಲ. ಸೋಮವಾರ ಒಂದೊಂದೇ ಸಾಲು ಓದುತ್ತೇನೆ, ನಲವತ್ತು ನಿಮಿಷ ಹಿಡಿಯುತ್ತದೆ. ಕಳೆದ ವಾರ ಒಬ್ಬ ಹುಡುಗ ಬರೀ "ಮಾತಾಡಿದೆವು" ಅಂತ ಹಾಕಿದ್ದ. ಫೋನ್ ಮಾಡಿ ಕೇಳಿದೆ. "ಎಲ್ಲಾ ಸರಿ ಇದೆ ಮೇಡಂ, ಇಂಟಿಗ್ರೇಷನ್ ಮಾಡಿದ್ವಿ, ಟೈಪ್ ಮಾಡೋಕೆ ಬೇಜಾರು ಅಷ್ಟೇ" ಅಂದ. ಮತ್ತೊಂದು ಸಲ ಕೇಳಿದೆ. ಆಮೇಲೆ ಟಿಕ್ ಹಾಕಿದೆ.