ಟವರ್ ಸೋಲುವುದು ಮೇಲಲ್ಲ, ಮಣ್ಣಿನೊಳಗೆ

2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪಕ್ಕೆ ಅಪ್ಪಳಿಸಿದಾಗ ಗಾಳಿಯ ವೇಗ ಗಂಟೆಗೆ ಸುಮಾರು 250 ಕಿ.ಮೀ., ಅಂದರೆ ಸೆಕೆಂಡಿಗೆ 69 ಮೀಟರ್. ಒತ್ತಡ ತಿಳಿಯಲು ಈ ವೇಗದ ವರ್ಗವನ್ನು (ವೇಗ × ವೇಗ) 0.6ರಿಂದ ಗುಣಿಸಿ: ಚದರ ಮೀಟರಿಗೆ ಸುಮಾರು 2,850 ನ್ಯೂಟನ್, ಹತ್ತಿರಹತ್ತಿರ 290 ಕಿಲೋ ತೂಕದಷ್ಟು ಒತ್ತಡ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಆ ದ್ವೀಪದಲ್ಲಿ ಶೇ 95ರಷ್ಟು ಮೊಬೈಲ್ ತಾಣಗಳು ಮೌನವಾದವು. ಎಲ್ಲ ಟವರ್‌ಗಳೂ ಉರುಳಿದ್ದವು ಎಂದಲ್ಲ. ಕರೆಂಟ್ ಹೋಗಿದ್ದೂ, ಕೇಬಲ್ ಕಡಿದದ್ದೂ ಕಾರಣ.

ಟವರನ್ನು ಜಾಲರಿಯಂತೆ ಕಟ್ಟುವುದು ಗಾಳಿ ನಡುವೆ ನುಸುಳಿ ಹೋಗಲೆಂದು. ದುಂಡು ಕೊಳವೆಗೆ ಚಪ್ಪಟೆ ಆಂಗಲ್‌ಗಿಂತ (L ಆಕಾರದ ಉಕ್ಕಿನ ಪಟ್ಟಿ) ಕಡಿಮೆ ತಳ್ಳು ಬೀಳುತ್ತದೆ. ಆದರೆ ವಿನ್ಯಾಸದಲ್ಲಿ ಇಲ್ಲದ 1.2 ಮೀಟರ್ ವ್ಯಾಸದ ಒಂದು ಡಿಶ್ಶನ್ನು ಆಮೇಲೆ ತುದಿಗೆ ಸಿಕ್ಕಿಸಿದರೆ, ಅಂಥ ಗಾಳಿಯಲ್ಲಿ ಅದೊಂದೇ 300 ಕಿಲೋಗೂ ಮಿಕ್ಕಿ ಎಳೆಯುತ್ತದೆ.

ಎತ್ತರದ ರೇಡಿಯೊ ಮಾಸ್ಟನ್ನು, ಅಂದರೆ ತೆಳು ಕಂಬದಂಥ ಟವರನ್ನು, ಹಿಡಿದು ನಿಲ್ಲಿಸುವುದು ಮೂರು ದಿಕ್ಕಿನಲ್ಲಿ ನೆಲಕ್ಕೆ ಬಿಗಿದ ಗೈ ತಂತಿಗಳು. ಗಾಳಿಯಿಲ್ಲದಾಗ ಅವುಗಳ ಬಿಗಿತ ಹರಿಯುವ ಮಿತಿಯ ಸುಮಾರು ಶೇ 10ರಷ್ಟಿರಬೇಕು. ಸಡಿಲವಿದ್ದರೆ ಮಾಸ್ಟ್ ಓಲಾಡಿ, ತಂತಿಗೆ ಹಠಾತ್ ಜಗ್ಗು ಬೀಳುತ್ತದೆ. ಅತಿ ಬಿಗಿಯಿದ್ದರೆ ಮಾಸ್ಟನ್ನೇ ಕೆಳಕ್ಕೆ ಅದುಮುತ್ತದೆ, ಕಾಲು ಬಾಗುವ ಅಪಾಯ ಹೆಚ್ಚುತ್ತದೆ. ತಂತಿಯನ್ನು ಬಿಗಿಮಾಡುವ ತಿರುಪು, ಅಂದರೆ ಟರ್ನ್‌ಬಕಲ್, ತಾನೇ ತಿರುಗಿ ಸಡಿಲಾಗದಂತೆ ಅದಕ್ಕೆ ಸೇಫ್ಟಿ ವೈರ್ ಸುತ್ತಲೇಬೇಕು.

ನನ್ನ ದೃಷ್ಟಿಯಲ್ಲಿ ನಿಜವಾದ ಆತಂಕ ಆಂಕರ್ ರಾಡ್‌ನದ್ದು, ಅಂದರೆ ಗೈ ತಂತಿಯ ತುದಿಯನ್ನು ನೆಲದಲ್ಲಿ ಹಿಡಿದಿಡುವ ಉಕ್ಕಿನ ಸರಳಿನದು. ಬುಡದಲ್ಲಿ ಅರ್ಥಿಂಗ್‌ಗೆ ಹೂತ ತಾಮ್ರ, ಗೈ ತಂತಿಯ ಮೂಲಕ ಸತು ಲೇಪಿಸಿದ ಆ ರಾಡ್‌ಗೆ ಸೇರಿಕೊಂಡಿರುತ್ತದೆ. ನಡುವೆ ಒದ್ದೆ ಮಣ್ಣು. ಇಷ್ಟಾದರೆ ಅದೊಂದು ಬ್ಯಾಟರಿಯೇ: ಮೊದಲು ಸತು, ಬಳಿಕ ಉಕ್ಕು ಕರಗುತ್ತಾ ಹೋಗುತ್ತದೆ. ಮಣ್ಣಿನ ಮೇಲೆ ಹೊಳೆಯುವ ರಾಡ್ ಅರ್ಧ ಮೀಟರ್ ಕೆಳಗೆ ಪೆನ್ಸಿಲ್‌ನಷ್ಟು ಸವೆದಿರಬಹುದು. ಹಾಗಾಗಿ ಅಗೆದು ನೋಡದೆ ತಪಾಸಣೆ ಪೂರ್ಣವಲ್ಲ. ಆದರೆ ಒಮ್ಮೆಗೆ ಒಂದೇ ಆಂಕರ್, ಅದೂ ಗಾಳಿಯಿಲ್ಲದ ದಿನ, ತಂತಿಗೆ ತಾತ್ಕಾಲಿಕ ಆಧಾರ ಕೊಟ್ಟ ಮೇಲೆಯೇ. ಸವೆತದ ತಡೆಗೆ ಮೆಗ್ನೀಸಿಯಂ ಆನೋಡ್, ಅಂದರೆ ಉಕ್ಕಿನ ಬದಲು ತಾನು ಕರಗುವ ಲೋಹದ ತುಂಡು, ಹೂಳುತ್ತಾರೆ.

ಗಾಳಿಯ ಹೊರೆಗೆ ಸಂಬಂಧಿಸಿದ ನಮ್ಮ ಭಾರತೀಯ ಮಾನದಂಡ ಐಎಸ್ 875 ಭಾಗ 3ರಲ್ಲಿ ಬೆಂಗಳೂರಿನ ಮೂಲ ಗಾಳಿವೇಗ (ವಿನ್ಯಾಸಕ್ಕೆ ಆಧಾರವಾಗಿ ಹಿಡಿಯುವ ವೇಗ) ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39, ಒಡಿಶಾ ಕರಾವಳಿಯದು 50. ಪೂರ್ವ ಕರಾವಳಿಯ 60 ಕಿ.ಮೀ. ಪಟ್ಟಿಯಲ್ಲಿ ಸಂಪರ್ಕ ಟವರ್‌ಗೆ ವೇಗವನ್ನು ಮತ್ತೆ 1.30ರಿಂದ ಗುಣಿಸಬೇಕು, ಒತ್ತಡ 1.69 ಪಟ್ಟಾಗುತ್ತದೆ.

ಬಿರುಗಾಳಿ ಕಳೆದ ಮೇಲೆ ಮೊದಲು ಥಿಯೊಡೊಲೈಟ್ (ಕೋನ ಅಳೆಯುವ ದೂರದರ್ಶಕ) ಇಟ್ಟು ನೋಡಿ. 100 ಮೀಟರ್ ಮಾಸ್ಟ್ 25 ಸೆಂ.ಮೀ.ಗಿಂತ ಹೆಚ್ಚು ವಾಲಿದ್ದರೆ ಯಾರನ್ನೂ ಹತ್ತಿಸಬೇಡಿ.