ಆರನೇ ಚಮಚ

ಬೆಳಕು ಹರಿಯುವ ಮುಂಚೆ ಕೆರೆ ದಂಡೆಯಲ್ಲಿರಬೇಕು ಅಂತ ಮಾತಾಗಿತ್ತು. ಅಪ್ಪ, ನಾನು, ನನ್ನ ಮಗಳು. ಸಮಯಕ್ಕೆ ಸರಿಯಾಗಿಯೇ ತಲುಪಿದೆವು. ಬ್ಯಾಗಿನ ಜಿಪ್ ಎಳೆದಾಗಲೇ ಗೊತ್ತಾಗಿದ್ದು, ಒಳಗೆ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡು ಅಷ್ಟೂ ಲೂರ್‌ಗಳು ಸೇರಿ ಒಂದು ಮುಳ್ಳುಹಂದಿಯಾಗಿವೆ ಅಂತ. ಹಿಂದಿನ ರಾತ್ರಿ ಮುಚ್ಚಳ ಹಾಕಿದವನು ನಾನೇ.

ಲೂರ್ ಅಂದರೆ ಗೊತ್ತಲ್ವಾ? ಎರೆಹುಳುವಿನ ಬದಲು ದಾರದ ತುದಿಗೆ ಕಟ್ಟುವ ನಕಲಿ ಮೀನು, ನಕಲಿ ಹುಳು. ಹೊಟ್ಟೆಗೊಂದು, ಬಾಲಕ್ಕೊಂದು ಮೂರು ಮೊನೆಯ ಗಾಳ ನೇತಾಡುತ್ತಿರುತ್ತದೆ. ಅಂಥವು ಹದಿನೈದು. ನಾನು ಒಂದನ್ನು ಹಿಡಿದು ಎಳೆದೆ. ಜೊತೆಗೆ ಇನ್ನೂ ನಾಲ್ಕು ಬಂದವು, ನನ್ನ ತೋಳಿನ ಬಟ್ಟೆಯೂ ಸಿಕ್ಕಿಕೊಂಡಿತು.

“ಎಳೀಬೇಡ್ವೋ. ಎಳೆದಷ್ಟೂ ಬಿಗಿಯಾಗುತ್ತೆ,” ಅಂದರು ಅಪ್ಪ. ಕನ್ನಡಕ ಹಾಕಿಕೊಂಡು, ಇಕ್ಕಳ ಹಿಡಿದು ಕಲ್ಲಿನ ಮೇಲೆ ಕೂತರು. ಅವರ ಉಪಾಯ ಸುಲಭದ್ದು. ಗಾಳ ಬಿಡಿಸಲು ಹೋಗಲೇಬಾರದು. ಗಾಳವನ್ನು ಲೂರಿಗೆ ಸೇರಿಸಿರುವ ಪುಟ್ಟ ರಿಂಗ್ ಬಿಡಿಸಬೇಕು, ಕೀ ಬಂಚಿನ ರಿಂಗಿನಂಥದ್ದು. ಆಗ ಬೋಳು ಮೀನು ತಾನಾಗಿ ಜಾರಿ ಹೊರಗೆ ಬರುತ್ತದೆ. ಮಗಳು ಒಂದೊಂದನ್ನೇ ಟವೆಲ್ ಮೇಲೆ ಸಾಲಾಗಿ ಮಲಗಿಸಿದಳು.

ನಾನೂ ಅಪ್ಪನೂ ಮಾತಾಡುವುದು ಕಡಿಮೆ. ಫೋನಿನಲ್ಲಾದರೆ ಮಾತ್ರೆ ತಗೊಂಡ್ರಾ, ಮಳೆ ಬಂತಾ, ಅಲ್ಲಿಗೆ ಮುಗಿಯಿತು. ಅವತ್ತು ಮಾತ್ರ ಪ್ರತಿ ಲೂರಿನ ಜೊತೆಗೂ ಒಂದು ಕತೆ ಹೊರಗೆ ಬಂತು. ಒಂದು ಮರದ ಮೀನಿನ ಬಣ್ಣ ಕರಗಿ ಅಂಟಂಟಾಗಿತ್ತು. “ಇದರ ಜೊತೆ ರಬ್ಬರ್ ಹುಳು ಇಟ್ಟಿದ್ದು ಯಾರು?” ಹನ್ನೆರಡು ವರ್ಷದ ನಾನು. ನಾವು ರಬ್ಬರ್ ಅನ್ನುವುದು ನಿಜಕ್ಕೂ ಮೆತ್ತನೆ ಪ್ಲಾಸ್ಟಿಕ್. ಅದನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥ ಪಕ್ಕದಲ್ಲಿದ್ದದ್ದರ ಬಣ್ಣವನ್ನು ತಿಂದುಬಿಡುತ್ತದೆ. ಆಗ ಯಾರಿಗೆ ಗೊತ್ತಿತ್ತು?

“ತಾತ, ಇದು ಯಾಕೆ ನಾಲಿಗೆ ಚಾಚಿದೆ?” ಲೂರಿನ ಬಾಯಿಯಿಂದ ಓರೆಯಾಗಿ ಚಾಚಿದ್ದ ಪುಟ್ಟ ತಗಡಿನಂಥದ್ದನ್ನು ತೋರಿಸಿ ಮಗಳು ಕೇಳಿದಳು. ಅಪ್ಪ ಅವಳನ್ನು ನೀರಿನ ಹತ್ತಿರ ಕರೆದುಕೊಂಡು ಹೋಗಿ, ಅಂಗೈ ಓರೆ ಮಾಡಿ ನೀರಲ್ಲಿ ಮುಂದಕ್ಕೆ ಎಳೆಯಲು ಹೇಳಿದರು. ಕೈ ತಾನಾಗಿ ಕೆಳಕ್ಕೆ ಹೋಯಿತು. “ಅಷ್ಟೇ. ಉದ್ದ ನಾಲಿಗೆ ಇದ್ದರೆ ಆಳಕ್ಕೆ ಹೋಗುತ್ತೆ, ಗಿಡ್ಡ ಇದ್ದರೆ ಮೇಲೇ ಓಡಾಡುತ್ತೆ.”

ನಾನೂ ಸುಮ್ನಿರಲಿಲ್ಲ. ಫಿನ್‌ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಕಾರ್ಕ್ ಕೆತ್ತಿ ಮೀನು ಮಾಡಿದ್ದು, ಹೊಳಪಿಗೆ ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಮೇಲೆ ಕರಗಿಸಿದ ಫೋಟೋ ನೆಗೆಟಿವ್ ಬಳಿದದ್ದು, ಎಲ್ಲ ಹೇಳಿದೆ. ಮಗಳಿಗೆ ಕೇಳಿಸಿದ್ದು ಚಾಕೊಲೇಟ್ ಮಾತ್ರ.

ಕೊನೆಗೆ ಉಳಿದದ್ದು ಒಂದು ಸ್ಟೀಲಿನ ತುಂಡು. ಮೊಟ್ಟೆಯಾಕಾರ, ಸ್ವಲ್ಪ ಗುಳಿ, ಎರಡು ತುದಿಗೂ ತೂತು. ಚೂಪಾದ ಕಡೆ ದಾರಕ್ಕೆ, ಅಗಲದ ಕಡೆ ಗಾಳಕ್ಕೆ. ತಿರುಗಿಸಿ ನೋಡಿದೆ. ಅಗಲದ ಕಡೆಯ ಅಂಚಿನಲ್ಲಿ ಅರ್ಧ ಹೂವಿನ ಗುರುತು. ನಮ್ಮ ಮನೆಯ ಚಮಚದ ಹಿಡಿಯ ಹೂವು!

ಆರು ಚಮಚಗಳ ಸೆಟ್ ಅದು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಐದಾಯಿತು. ಎಂಜಲು ತಟ್ಟೆ ಜೊತೆ ಕಸಕ್ಕೆ ಸುರಿದವನು ನಾನೇ ಅಂತ ಅಮ್ಮನ ತೀರ್ಮಾನ. ಇವತ್ತಿಗೂ ಚಮಚ ಎಣಿಸುವಾಗಲೆಲ್ಲ ಒಂದು ಮಾತು ನನ್ನ ಕಡೆ ಬರುತ್ತದೆ.

“ಅಪ್ಪಾ!”

ಅಪ್ಪ ಇಕ್ಕಳ ಒರೆಸುತ್ತಿದ್ದರು. “ಅವತ್ತೇ ಹೇಳೋಣ ಅಂದ್ಕೊಂಡೆ ಕಣೋ. ಅಷ್ಟರಲ್ಲಿ ನಿನಗೆ ಬೈದು ಮುಗಿಸಿದ್ದಳು.”

ಅಮೆರಿಕದಲ್ಲಿ ಜೂಲಿಯೊ ಬ್ಯೂಯೆಲ್ ಎಂಬಾತನ ಕೈಯಿಂದ ಚಮಚ ಸರೋವರಕ್ಕೆ ಬಿತ್ತಂತೆ. ಅದು ಹೊಳೆಯುತ್ತ ಮುಳುಗುವಾಗ ದೊಡ್ಡ ಮೀನೊಂದು ಹಾರಿ ಹಿಡಿಯಿತಂತೆ. ಹೀಗೊಂದು ಕತೆ ಇದೆ. 1852ರಲ್ಲಿ ಆತ ತನ್ನ ಲೂರಿಗೆ ಪೇಟೆಂಟನ್ನೂ ಪಡೆದ. ಅವನ ಚಮಚ ಜಾರಿ ಬಿದ್ದದ್ದು. ನಮ್ಮಪ್ಪ ಗರಗಸ ಹಿಡಿದು ಕೂತು ಕೊಯ್ದಿದ್ದರು.

ಅಷ್ಟು ಹೊತ್ತಿಗೆ ಬಿಸಿಲೇರಿತ್ತು. ಒಂದಿಷ್ಟು ಹೊತ್ತಾದರೂ ಎಸೆಯೋಣ ಅಂತ ಅಪ್ಪ ಆ ಚಮಚಕ್ಕೇ ಗಾಳ ಸಿಕ್ಕಿಸಿದರು. ಮೊಮ್ಮಗಳ ಬೆರಳಿಗೆ ನಾಟಿದರೆ ಸಲೀಸಾಗಿ ತೆಗೆಯಲು ಬರಲಿ ಅಂತ ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರು. ಅವಳು ರೀಲನ್ನು ಗರಗರ ಸುತ್ತಿದಳು. ಚಮಚ ಬುಗುರಿಯಂತೆ ತಿರುಗಿ ದಾರವೆಲ್ಲ ಹುರಿಗಟ್ಟಿತು. “ನಿಧಾನ ಪುಟ್ಟಿ. ಅದು ತಿರುಗಬಾರದು, ಓಲಾಡಬೇಕು.” ಆಮೇಲಿನ ಎಸೆತಗಳಲ್ಲಿ ಅದು ಎಡಕ್ಕೆ ಬಲಕ್ಕೆ ಹೊಯ್ದಾಡುತ್ತ, ಏಟು ತಿಂದ ಮರಿಮೀನಿನಂತೆ ಬರತೊಡಗಿತು. ಐದನೆಯದಕ್ಕೋ ಆರನೆಯದಕ್ಕೋ ರಾಡ್ ಬಾಗಿತು. ಮಗಳು ಕಿರುಚಿದಳು. ದಡದ ಹತ್ತಿರ ಸಂಭ್ರಮದಲ್ಲಿ ದಾರ ಸಡಿಲ ಬಿಟ್ಟಳು. ಮುಳ್ಳಿಲ್ಲದ ಗಾಳ ತಾನೇ, ಮೀನು ತಲೆ ಕೊಡವಿ ಹೋಯಿತು.

“ಹೋಗ್ಲಿ ಬಿಡು, ಚಮಚ ಉಳೀತಲ್ಲ,” ಅಂದರು ಅಪ್ಪ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಮಗಳಿಗೆ ಒಂದೇ ಪಾಠ ಹೇಳಿಕೊಟ್ಟರು. ಅಜ್ಜಿಗೆ ಹೇಳಬಾರದು. ಅವಳು ತಲೆಯಾಡಿಸಿದಳು.

ಬಾಗಿಲಲ್ಲೇ ಅಮ್ಮ ಕೇಳಿದಳು, “ಏನು ಸಿಕ್ತು?”

“ಮೀನು ತಪ್ಪಿಸ್ಕೊಂಡ್ತು ಅಜ್ಜಿ. ಆದ್ರೆ ನಿನ್ನ ಚಮಚ ಸಿಕ್ತು!”

ಅಮ್ಮ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. ಹೂವಿನ ಮೇಲೆ ಹೆಬ್ಬೆರಳು ಆಡಿಸಿದಳು. ರೂಢಿಯಂತೆ ನನ್ನ ಕಡೆ ತಿರುಗಿದವಳು ಅರ್ಧಕ್ಕೇ ನಿಂತಳು. ಅಪ್ಪ ಅಷ್ಟರಲ್ಲಿ ಬೂಟು ಬಿಚ್ಚುವ ನೆಪದಲ್ಲಿ ಹಿತ್ತಲು ಸೇರಿದ್ದರು.